ಬುಡ ನೋಡಿ, ಊರು ಹೇಳಿ

ಚಿತ್ರ ತೋರಿಸಿ ‘ಇದು ಯಾವ ಸ್ಮಾರಕ, ಎಲ್ಲಿದೆ?’ ಎಂದು ಕೇಳುವ ಆನ್‌ಲೈನ್ ಆಟಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಹೊಯ್ಸಳರ ಗುಡಿಗಳಿಗೆ ಜಾಗ ಸ್ವಲ್ಪ ಜಾಸ್ತಿಯೇ ಹೋಗಿದೆ. ಎಡವುವುದೂ ಅಲ್ಲೇ ಹೆಚ್ಚು.

ಪ್ರಶ್ನೆ: ಚಿತ್ರ ಹದಿನಾರು ಚೌಕಗಳಲ್ಲಿ ಮುಚ್ಚಿರುತ್ತದೆ, ಒಂದೊಂದು ತೆರೆದಾಗಲೂ ಅಂಕ ಕಡಿತ. ನಾನು ನಟ್ಟನಡುವಿನಿಂದ ಶುರು ಮಾಡುತ್ತೇನೆ. ಆದರೂ ಏಳೆಂಟು ಚೌಕ ತೆರೆಯುವ ತನಕ ಏನೂ ಹೊಳೆಯುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? (ತುಮಕೂರು)

ಉತ್ತರ: ನಡುವಿನಿಂದ ಶುರು ಮಾಡುವುದೇ ತಪ್ಪು. ನಾಲ್ಕು ಸಾಲುಗಳಲ್ಲಿ ಮೇಲಿನದು ಬಹುಪಾಲು ಆಕಾಶ. ನಡುವೆ ಸಾಮಾನ್ಯವಾಗಿ ಬಾಗಿಲು ಇರುತ್ತದೆ, ಅದರೊಳಗೆ ಬರೀ ಕತ್ತಲು. ಕೆಳಗಿನಿಂದ ಎರಡನೇ ಸಾಲಿನಲ್ಲಿ, ನಡುವಿನಿಂದ ಸ್ವಲ್ಪ ಪಕ್ಕಕ್ಕಿರುವ ಚೌಕ ತೆರೆಯಿರಿ. ಗೋಡೆಯ ಬುಡ ಸಿಗುತ್ತದೆ, ಬುಡದಲ್ಲಿ ಕಲ್ಲು ಸಿಗುತ್ತದೆ. ಕಲ್ಲು ಗೊತ್ತಾದರೆ ಅರ್ಧ ಭಾರತ ಪಟ್ಟಿಯಿಂದ ಹೊರಗೆ.

ಬೂದು ಹಸಿರು ಬಣ್ಣದ, ಎಣ್ಣೆ ಹಚ್ಚಿದಂತೆ ನುಣುಪಾದ ಬಳಪದ ಕಲ್ಲಾದರೆ ಹೊಯ್ಸಳರು ಅಥವಾ ಕಲ್ಯಾಣದ ಚಾಲುಕ್ಯರು. ಅಡ್ಡಡ್ಡ ಪದರ ಕಾಣುವ ಕೆಂಪು ಮರಳುಗಲ್ಲಾದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಅದೇ ಕೆಂಪು ಕಲ್ಲಿನ ನಡುವೆ ಬಿಳಿ ಅಮೃತಶಿಲೆಯ ಪಟ್ಟಿ ಕೂರಿಸಿದ್ದರೆ ನೇರ ದೆಹಲಿ–ಆಗ್ರಾ ಕಡೆ ಹೋಗಿ. ಒರಟು ಗ್ರಾನೈಟ್ ಎಂದರೆ ಹಂಪಿ, ಲೇಪಾಕ್ಷಿ ಅಥವಾ ತಮಿಳುನಾಡು. ಕಪ್ಪು ಬಸಾಲ್ಟ್ ಎಂದರೆ ವಿಜಯಪುರ ಇಲ್ಲವೇ ಎಲ್ಲೋರ, ಅಜಂತಾ. ತೂತುತೂತಾದ ಕೆಂಪು ಮುರಕಲ್ಲು ಕಂಡ ಕೂಡಲೇ ಎಲ್ಲರೂ ಕರಾವಳಿ ಎನ್ನುತ್ತಾರೆ. ಬೀದರ್ ಕೋಟೆಯನ್ನು ಮರೆಯಬೇಡಿ, ಅಲ್ಲೂ ಅದೇ ಮುರಕಲ್ಲು.

ಎರಡನೇ ಚೌಕ ಅದರ ನೇರ ಕೆಳಗಿನದು. ನೆಲ, ಹುಲ್ಲು, ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ), ಮೆಟ್ಟಿಲು ಅಲ್ಲಿ ಕಾಣುತ್ತವೆ. ಶಿಖರಕ್ಕೆ ಮೂರನೇ ಚೌಕ ಸಾಕು. ಎಷ್ಟೋ ಗುಡಿಗಳಿಗೆ ಶಿಖರವೇ ಉಳಿದಿಲ್ಲ, ಉಳಿದ ಕಡೆ ಹಲವು ಸಲ ಆಮೇಲೆ ಇಟ್ಟಿಗೆ–ಗಾರೆಯಲ್ಲಿ ಕಟ್ಟಿದ್ದು. ಅದನ್ನು ನಂಬಿ ಕಾಲ ಹೇಳಿದವರು ಮೋಸ ಹೋಗುತ್ತಾರೆ.

ಪ್ರಶ್ನೆ: ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ನೋಡಿದ್ದೇವೆ. ಆಟದಲ್ಲಿ ಚಿತ್ರ ಬಂದಾಗ ಮೂರೂ ಒಂದೇ ಥರ ಕಾಣುತ್ತವೆ. ಖಚಿತವಾದ ಗುರುತು ಏನಾದರೂ ಇದೆಯೇ? (ಮೈಸೂರು)

ಉತ್ತರ: ಇದೆ. ಇಡೀ ಗುಡಿ ಕಾಣುವ ಚಿತ್ರವಾದರೆ ಸುಲಭ. ಮೂರು ಶಿಖರಗಳು, ಸುತ್ತ ಕೈಸಾಲೆ (ಕಂಬಗಳ ಮೊಗಸಾಲೆ) ಎಂದರೆ ಸೋಮನಾಥಪುರ. ಶಿಖರವಿಲ್ಲದ ಉದ್ದನೆಯ ಜೋಡಿ ಗುಡಿ, ಎದುರಿಗೆ ಎರಡು ನಂದಿಮಂಟಪ, ಸುತ್ತ ತೋಟ ಎಂದರೆ ಹಳೇಬೀಡು. ಶಿಖರವಿಲ್ಲದ ಗುಡಿ, ಆದರೆ ಅಂಗಳದ ತುದಿಯಲ್ಲಿ ಎತ್ತರದ ಗೋಪುರ ಎಂದರೆ ಬೇಲೂರು. ಆ ಗೋಪುರ ಹೊಯ್ಸಳರದ್ದಲ್ಲ, ವಿಜಯನಗರದ ಕಾಲದ್ದು. ಬೇಲೂರಿನ ಚೆನ್ನಕೇಶವನಿಗೂ ಶಿಖರವಿತ್ತು, ಈಗಿಲ್ಲ.

ಕಷ್ಟವಾಗುವುದು ಗೋಡೆಯ ತುಣುಕು ಮಾತ್ರ ಕೊಟ್ಟಾಗ. ಆಗ ಬುಡದ ಪಟ್ಟಿಕೆಗಳನ್ನು, ಅಂದರೆ ಅಡ್ಡಡ್ಡ ಕೆತ್ತನೆಯ ಸಾಲುಗಳನ್ನು, ಕೆಳಗಿನಿಂದ ಎಣಿಸಿ. ಹಳೇಬೀಡಿನಲ್ಲಿ ಎಂಟು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಸೋಮನಾಥಪುರದಲ್ಲಿ ಆರು: ಆನೆ, ಕುದುರೆ ಸವಾರರು, ಬಳ್ಳಿ, ಕಥೆ, ಮಕರ, ಹಂಸ. ಎಲ್ಲ ಎಣಿಸುವಷ್ಟು ಚಿತ್ರ ಸಿಗದಿದ್ದರೆ ಆನೆಯ ಮೇಲಿನ ಸಾಲು ಒಂದನ್ನೇ ನೋಡಿ. ಆನೆಯ ಮೇಲೆ ಸಿಂಹವಿದ್ದರೆ ಹಳೇಬೀಡು ಎನ್ನಿ, ಕುದುರೆಯಿದ್ದರೆ ಸೋಮನಾಥಪುರ. ಕುದುರೆಗೆ ಒಂದು ಅಪವಾದ ನೆನಪಿರಲಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯಲ್ಲೂ ಇದೇ ಆರು ಸಾಲಿನ ಪದ್ಧತಿ. ಅದೂ ತ್ರಿಕೂಟವೇ (ಮೂರು ಗರ್ಭಗುಡಿಗಳದ್ದು), ಆದರೆ ನಡುವಿನ ಗರ್ಭಗುಡಿಗೆ ಮಾತ್ರ ಶಿಖರ, ಸುತ್ತ ಕೈಸಾಲೆಯಿಲ್ಲ.

ಬೇಲೂರನ್ನು ಗುರುತಿಸಲು ಕಣ್ಣು ಮೇಲೆತ್ತಬೇಕು. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು, ಅವರ ಕೆಳಗೆ ಕಂಬಗಳ ನಡುವೆ ಕೊರೆದ ಜಾಲಂಧ್ರ (ಕಲ್ಲಿನ ಜಾಲರಿ). ಒಳಗಿನ ನಾಲ್ವರೂ ಸೇರಿ ಮದನಿಕೆಯರು ನಲವತ್ತೆರಡು. ಹೊರಗೋಡೆಯ ತುಣುಕಿನಲ್ಲಿ ಇಬ್ಬರು ಮೂವರು ಮದನಿಕೆಯರು ಸಾಲಾಗಿ ಕಂಡರೆ ಯೋಚಿಸುತ್ತ ಕೂರಬೇಡಿ.

ಇನ್ನು ಗದಗ–ಕೊಪ್ಪಳ ಸೀಮೆಯ ಬಲೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ, ಇಟಗಿಯ ಮಹಾದೇವ ಗುಡಿಗಳದ್ದೂ ಬಳಪದ ಕಲ್ಲೇ, ಕಂಬಗಳೂ ಚರಕಿಗೆ ಹಿಡಿದು ತಿರುಗಿಸಿದಂತೆ ನುಣುಪೇ. ಆಡುವವರು ಕಣ್ಣು ಮುಚ್ಚಿ ‘ಹೊಯ್ಸಳ’ ಎಂದುಬಿಡುತ್ತಾರೆ. ಇಟಗಿಯ ಗುಡಿ 1112ರದ್ದು, ಬೇಲೂರಿನ 1117ಕ್ಕಿಂತ ಹಿಂದಿನದು. ಅಲ್ಲಿಯ ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ವ್ಯತ್ಯಾಸ ಸಿಗುವುದು ಮತ್ತೆ ಬುಡದಲ್ಲೇ. ಆನೆ–ಕುದುರೆಗಳ ಮೆರವಣಿಗೆ ಇಲ್ಲ, ನಕ್ಷತ್ರದಂತೆ ಮೂಲೆ ಮೂಲೆ ಚಾಚಿದ ಜಗತಿಯೂ ಇಲ್ಲ. ಕೆತ್ತನೆಯ ಕುಸುರಿಯೆಲ್ಲ ಬಾಗಿಲವಾಡದ ಮೇಲೆ ಸುರಿದಿರುತ್ತದೆ.

ಪ್ರಶ್ನೆ: ಗೊಮ್ಮಟನ ಚಿತ್ರಕ್ಕೆ ‘ಶ್ರವಣಬೆಳಗೊಳ’ ಎಂದು ಬರೆದೆ. ತಪ್ಪು, ಕಾರ್ಕಳ ಎಂದಿತು. ಮೂರ್ತಿಯೆಲ್ಲ ಒಂದೇ ಥರ ಇದ್ದರೆ ಹೇಗೆ ಹೇಳುವುದು? (ಹಾಸನ)

ಉತ್ತರ: ಮೂರ್ತಿಯನ್ನು ಬಿಟ್ಟು ಸುತ್ತ ನೋಡಿ. ಶ್ರವಣಬೆಳಗೊಳದ್ದು ಸುಮಾರು 57 ಅಡಿ, ಕ್ರಿ.ಶ. 981ರ ಆಸುಪಾಸಿನದು. ಸುತ್ತಲೂ ಮಂಟಪದ ಸಾಲು ಕಟ್ಟಿರುವುದರಿಂದ ದೂರದ ಚಿತ್ರದಲ್ಲಿ ತಲೆ, ಭುಜ ಮಾತ್ರ ಮೇಲೆದ್ದು ಕಾಣುತ್ತವೆ. ಹತ್ತಿರದ ಚಿತ್ರವಾದರೆ ಕಾಲಿನ ಪಕ್ಕದ ಹುತ್ತದ ಮೇಲೆ ಅಕ್ಷರ ಹುಡುಕಿ. ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಕಾರ್ಕಳದ್ದು 1432ರದ್ದು, ಸುಮಾರು 42 ಅಡಿ. ಬೋಳು ಬಂಡೆಯ ಗುಡ್ಡದ ಮೇಲೆ ಬಯಲಲ್ಲೇ ನಿಂತಿದೆ, ಎದುರಿಗೆ ಬ್ರಹ್ಮದೇವರ ಕಂಬ. ವೇಣೂರಿನದು 1604ರದ್ದು, ಸುಮಾರು 35 ಅಡಿ. ಗುಡ್ಡವಿಲ್ಲ, ಸಮನೆಲ, ಮುಂದೆ ಅಕ್ಕಪಕ್ಕ ಎರಡು ಪುಟ್ಟ ಬಸದಿಗಳು. ಧರ್ಮಸ್ಥಳದ್ದು ಸುಮಾರು 39 ಅಡಿ, ಪ್ರತಿಷ್ಠಾಪನೆಯಾದದ್ದು 1982ರಲ್ಲಿ. ಕಲ್ಲಿಗೆ ಇನ್ನೂ ಹೊಸ ಕಳೆ ಇದೆ. ಕ್ಯಾಮೆರಾವನ್ನು ಕೆಳಗಿಟ್ಟು ತೆಗೆದ ಚಿತ್ರದಲ್ಲಿ ಮೂವತ್ತೈದು ಅಡಿಯೂ ಐವತ್ತೇಳು ಅಡಿಯೂ ಒಂದೇ. ಎತ್ತರವನ್ನು ನಂಬಬೇಡಿ.

ಪ್ರಶ್ನೆ: ತಾಜ್ ಮಹಲ್ ಎಂದು ಒತ್ತಿದ್ದಕ್ಕೆ ಶೂನ್ಯ ಅಂಕ ಬಂತು. ತಾಜ್ ಅಲ್ಲದೆ ಇನ್ನೇನು? (ಕಲಬುರಗಿ)

ಉತ್ತರ: ಬಹುತೇಕ ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಬೀಬಿ ಕಾ ಮಕ್ಬರಾ. ಔರಂಗಜೇಬನ ಮಗ ಆಜಂ ಶಾ ತಾಯಿಯ ನೆನಪಿಗೆ ಕಟ್ಟಿಸಿದ್ದು. ಇಲ್ಲೂ ಬುಡ ನೋಡಿದರೆ ಗುಟ್ಟು ಹೊರಬೀಳುತ್ತದೆ. ತಾಜ್ ನೆಲದಿಂದ ನೆತ್ತಿಯವರೆಗೆ ಅಮೃತಶಿಲೆ. ಮಕ್ಬರಾದಲ್ಲಿ ಗೋಡೆಯ ಕೆಳಭಾಗಕ್ಕೆ ಮತ್ತು ಗುಮ್ಮಟಕ್ಕೆ ಮಾತ್ರ ಅಮೃತಶಿಲೆ, ನಡುವೆಲ್ಲ ಗಾರೆ. ಹಾಗಾಗಿ ನಡುಭಾಗ ಕಂದಿ ಮಸುಕಾಗಿ, ಮಳೆಯ ಕಲೆ ಹಿಡಿದು, ಗುಮ್ಮಟ ಮಾತ್ರ ಬೆಳ್ಳಗೆ ಕಾಣುತ್ತದೆ. ಕಟ್ಟಡವೂ ಇಕ್ಕಟ್ಟು, ನಾಲ್ಕು ಮಿನಾರುಗಳು ಅದನ್ನು ಒತ್ತಿ ಹಿಡಿದಂತಿವೆ. ಕೆಂಪು ಕಲ್ಲು, ಬಿಳಿ ಗುಮ್ಮಟ, ಮಿನಾರೇ ಇಲ್ಲ ಎಂದಾದರೆ ದೆಹಲಿಯ ಹುಮಾಯೂನನ ಗೋರಿ. ಅದು ತಾಜ್‌ಗಿಂತ ಹಳೆಯದು.

ಪ್ರಶ್ನೆ: ಐಹೊಳೆಯ ದುರ್ಗಾ ಗುಡಿ ದುರ್ಗೆಯದ್ದೇ ಅಲ್ಲವೇ? ಆಟ ತಪ್ಪು ಎನ್ನುತ್ತದೆ. (ಬಾಗಲಕೋಟೆ)

ಉತ್ತರ: ಆಟ ಹೇಳಿದ್ದೇ ಸರಿ. ಹೆಸರು ಬಂದಿದ್ದು ದುರ್ಗದಿಂದ, ಅಂದರೆ ಕೋಟೆಯಿಂದ. ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿರುವುದು ಅದರ ಗುರುತು. ಹೆಸರಿನ ಇನ್ನೊಂದು ಬಲೆ ವಿರೂಪಾಕ್ಷ. ಹಂಪಿಯಲ್ಲೂ ವಿರೂಪಾಕ್ಷ, ಪಟ್ಟದಕಲ್ಲಿನಲ್ಲೂ ವಿರೂಪಾಕ್ಷ. ಪಟ್ಟದಕಲ್ಲಿನದು ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ ಕೆಂಪು ಕಲ್ಲಿನ ಗುಡಿ. ಹಂಪಿಯದಕ್ಕೆ ಒಂಬತ್ತು ಅಂತಸ್ತಿನ ಗೋಪುರ. ಉತ್ತರ ಬರೆಯುವಾಗ ಊರನ್ನೂ ಸೇರಿಸಿ.

ಪ್ರಶ್ನೆ: ಹಂಪಿಯ ಕಲ್ಲಿನ ರಥ ಯಾರಿಗೆ ಗೊತ್ತಿಲ್ಲ? ಆದರೂ ಕಪ್ಪುಬಿಳುಪು ಚಿತ್ರವೊಂದರಲ್ಲಿ ನಮ್ಮ ಗುಂಪಿನವರೆಲ್ಲ ಸೋತರು. (ಹೊಸಪೇಟೆ)

ಉತ್ತರ: ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿತ್ತೇ? ಹಾಗಿದ್ದರೆ ಅದು ಹಂಪಿಯೇ. ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಆ ಶಿಖರ ಕಾಣುತ್ತದೆ, ಆಮೇಲೆ ಅದನ್ನು ತೆಗೆದುಹಾಕಿದರು. ಮುಂದಿರುವ ಎರಡು ಆನೆಗಳೂ ಮೂಲದವಲ್ಲ. ಆನೆಯ ಹಿಂದೆ ಇಣುಕಿದರೆ ಕುದುರೆಗಳ ಕಾಲು, ಬಾಲದ ತುಂಡುಗಳು ಉಳಿದಿರುವುದು ಕಾಣುತ್ತದೆ. ಇನ್ನು, ಕಲ್ಲಿನ ರಥ ಇರುವುದು ಹಂಪಿಯಲ್ಲೊಂದೇ ಅಲ್ಲ. ಆಂಧ್ರದ ತಾಡಿಪತ್ರಿಯ ಚಿಂತಲ ವೆಂಕಟರಮಣ ಗುಡಿಯಲ್ಲೂ ಇದೆ. ಕೋನಾರ್ಕದಲ್ಲಿ ಗುಡಿಯೇ ರಥ, ಇಪ್ಪತ್ತನಾಲ್ಕು ಗಾಲಿ.

ಗಾಲಿಯ ವಿಷಯ ಬಂದಿದ್ದರಿಂದ ಒಂದು ಮಾತು. ಈಚೆಗೆ ಕೆಲವು ಆಟಗಳಿಗೆ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ಚಿತ್ರಗಳು ನುಸುಳುತ್ತಿವೆ. ಕೋನಾರ್ಕದ ಗಾಲಿಗೆ ಎಂಟು ದಪ್ಪ ಅರ, ನಡುನಡುವೆ ಎಂಟು ಸಣ್ಣ ಅರ. ಏಳೋ ಒಂಬತ್ತೋ ಕಂಡರೆ ಚಿತ್ರವೇ ಸುಳ್ಳು.

ಪ್ರಶ್ನೆ: ರಸ್ತೆಯಲ್ಲಿ ಇಳಿಸಿ ‘ಎಲ್ಲಿದ್ದೀರಿ?’ ಎಂದು ಕೇಳುವ ಜಿಯೋಗೆಸ್ಸರ್ ಥರದ ಆಟದಲ್ಲಿ ಕನ್ನಡ ಬೋರ್ಡು ಎಂದುಕೊಂಡು ಬಳ್ಳಾರಿಯ ಪಕ್ಕ ಪಿನ್ ಇಟ್ಟೆ. ತೆಲಂಗಾಣ ಆಗಿತ್ತು. (ಅಮೆರಿಕದಿಂದ ಓದುಗರೊಬ್ಬರು)

ಉತ್ತರ: ಮಸುಕಾದ ಬೋರ್ಡಿನಲ್ಲಿ ಕನ್ನಡದವರೇ ಮೋಸ ಹೋಗುತ್ತಾರೆ. ಅಕ್ಷರದ ಹೊಟ್ಟೆ ನೋಡಬೇಡಿ, ತಲೆಕಟ್ಟು ನೋಡಿ. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಹೋಗಿ ಬಲತುದಿಯಲ್ಲಿ ಕೊಂಚ ಬಾಗುತ್ತದೆ. ತೆಲುಗಿನದು ಮೇಷ್ಟ್ರು ಉತ್ತರಪತ್ರಿಕೆಯಲ್ಲಿ ಹಾಕುವ ‘ಸರಿ’ ಗುರುತಿನಂತೆ ಓರೆಯಾಗಿ ಮೇಲಕ್ಕೇಳುತ್ತದೆ. ಇನ್ನೂ ಗಟ್ಟಿ ಗುರುತು ದೀರ್ಘ. ನಾವು ಕೀ, ಕೇ, ಕೋ ಬರೆಯುವಾಗ ಅಕ್ಷರದ ಬಲಕ್ಕೆ ಪ್ರತ್ಯೇಕವಾಗಿ ದೀರ್ಘದ ಕೊಂಬು ಎಳೆಯುತ್ತೇವೆ. ತೆಲುಗಿನಲ್ಲಿ ಅದು ಅಕ್ಷರದ ನೆತ್ತಿಯ ಮೇಲೆಯೇ ಮುಗಿಯುತ್ತದೆ. ಬಲಕ್ಕೆ ಚಾಚಿದ ಆ ಕೊಂಬು ಒಂದು ಸಿಕ್ಕರೂ ಕನ್ನಡವೇ.

ಬೋರ್ಡು ಇಲ್ಲದಿದ್ದರೆ ಮೈಲಿಗಲ್ಲು ಹುಡುಕಿ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಹಳ್ಳಿ ರಸ್ತೆ. ವಾಹನದ ನಂಬರ್ ಪ್ಲೇಟನ್ನು ಆಟ ಮಸುಕು ಮಾಡಿರುತ್ತದೆ, ಆದರೆ ಬಣ್ಣ ಕಾಣುತ್ತದೆ.

ಸೂರ್ಯನ ಬಗ್ಗೆ ಎಚ್ಚರ. ‘ಸೂರ್ಯ ದಕ್ಷಿಣಕ್ಕಿದ್ದರೆ ಉತ್ತರಾರ್ಧಗೋಳ’ ಎಂಬ ಸೂತ್ರ ಯುರೋಪಿನವರಿಗೆ ಸರಿ, ನಮಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನ ಅವನು ಉತ್ತರದಲ್ಲಿರುತ್ತಾನೆ. ಮೇ ತಿಂಗಳಲ್ಲಿ ತೆಗೆದ ಚಿತ್ರ ನೋಡಿ ದಕ್ಷಿಣ ಆಫ್ರಿಕಾಕ್ಕೆ ಪಿನ್ ಇಡುವುದು ಹೀಗೇ. ನೆರಳು ತೀರಾ ಗಿಡ್ಡವಾಗಿದ್ದರೆ ಸೂರ್ಯನ ಸೂತ್ರವನ್ನೇ ಬದಿಗಿಡಿ.

ಅಂಕದ ಲೆಕ್ಕ ಗೊತ್ತಿರಲಿ: ಒಂದು ಸುತ್ತಿಗೆ ಗರಿಷ್ಠ 5,000, ಐದು ಸುತ್ತಿಗೆ 25,000. ದೂರ ಹೆಚ್ಚಿದಂತೆ ಅಂಕ ಮೊದಲು ಬಿರುಸಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಎರಡು ರಾಜ್ಯಗಳ ನಡುವೆ ಅನುಮಾನವಿದ್ದರೆ ಗಡಿಯ ಮೇಲೆ ಪಿನ್ ಇಟ್ಟು ಎರಡೂ ಕಡೆ ಸೋಲುವುದಕ್ಕಿಂತ ಒಂದನ್ನು ಆರಿಸಿ ಅದರ ಒಳಗೆ ಇಡಿ.

ಪ್ರಶ್ನೆ: ಹೊರದೇಶದ ಕಟ್ಟಡಗಳಲ್ಲಿ ಜನ ಹೆಚ್ಚು ತಪ್ಪುವುದು ಯಾವುದರಲ್ಲಿ? (ಮಂಗಳೂರು)

ಉತ್ತರ: ಇಸ್ತಾಂಬುಲ್‌ನಲ್ಲಿ. ಮಿನಾರು ಎಣಿಸಿ: ಆರಿದ್ದರೆ ನೀಲಿ ಮಸೀದಿ, ನಾಲ್ಕಿದ್ದರೆ ಹಾಗಿಯಾ ಸೋಫಿಯಾ. ಎಲ್ಲ ಮಿನಾರುಗಳೂ ಚೌಕಟ್ಟಿನೊಳಗೆ ಬಂದಿಲ್ಲವೇ? ಹಾಗಿಯಾ ಸೋಫಿಯಾದ ಮಿನಾರುಗಳಲ್ಲಿ ಒಂದು ಕೆಂಪು ಇಟ್ಟಿಗೆಯದು, ಅದೊಂದು ಕಂಡರೂ ಸಾಕು. ಎರಡು ಗೋಪುರಗಳಿದ್ದು ನಡುವೆ ಮೇಲೆತ್ತುವ ದಾರಿ ಇರುವ ಲಂಡನ್ನಿನ ಸೇತುವೆ ಟವರ್ ಬ್ರಿಡ್ಜ್, ಲಂಡನ್ ಬ್ರಿಡ್ಜ್ ಬೇರೆ. ಕಿತ್ತಳೆ–ಬಿಳಿ ಬಣ್ಣದ ‘ಐಫೆಲ್’ ಕಂಡರೆ ಅದು 333 ಮೀಟರಿನ ಟೋಕಿಯೋ ಟವರ್. ಐಫೆಲ್ ಪಕ್ಕದಲ್ಲೇ ತಾಜ್ ಮಹಲ್, ವಾಲಿದ ಪೀಸಾ ಗೋಪುರ ಎಲ್ಲ ಕಂಡರೆ ದೆಹಲಿಯ ಗುಜರಿ ಕಬ್ಬಿಣದ ಉದ್ಯಾನವನ್ನು ಅನುಮಾನಿಸಿ.

ಪ್ರಶ್ನೆ: ವಿಧಾನಸೌಧ, ವಿಕಾಸಸೌಧ? (ಬೆಂಗಳೂರು)

ಉತ್ತರ: ಅಗಲವಾದ ಮೆಟ್ಟಿಲ ಸಾಲು, ಅದರ ಮೇಲೆ ನಲವತ್ತು ಅಡಿಯ ಹನ್ನೆರಡು ಕಂಬಗಳಿದ್ದರೆ 1956ರಲ್ಲಿ ಮುಗಿದ ವಿಧಾನಸೌಧ.

ಪ್ರಶ್ನೆ: ನಮ್ಮ ಕನ್ನಡ ಸಂಘಕ್ಕಾಗಿ ಇಂಥದೇ ಆಟ ಮಾಡಿದೆವು. ಉತ್ತರವನ್ನು ಕನ್ನಡದಲ್ಲೇ ಟೈಪ್ ಮಾಡಬೇಕು. ‘ಚಿತ್ರದುರ್ಗದ ಕೋಟೆ’ ಎಂದು ಸರಿಯಾಗಿ ಬರೆದವರಿಗೂ ತಪ್ಪು ಎಂದು ತೋರಿಸುತ್ತಿದೆ. ಏಕೆ? (ಪುಣೆ)

ಉತ್ತರ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ‘ಕೋ’ ಅಕ್ಷರವನ್ನು ಕ ಜೊತೆಗೆ ಒಂದೇ ಸ್ವರಚಿಹ್ನೆಯಾಗಿ ಸೇರಿಸಿಡಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ಹೀಗೆ ತುಂಡುತುಂಡಾಗಿ ಬರುವುದುಂಟು. ಪರದೆಯ ಮೇಲೆ ವ್ಯತ್ಯಾಸವೇ ತಿಳಿಯದು, ಹೋಲಿಸಿದರೆ ಹೊಂದದು. ಪರಿಹಾರ: ಹೋಲಿಸುವ ಮುನ್ನ ನಿಮ್ಮ ಉತ್ತರ, ಆಟಗಾರರ ಉತ್ತರ ಎರಡನ್ನೂ ಯೂನಿಕೋಡಿನ ಎನ್ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪ) ತನ್ನಿ. ಒಂದೇ ಸಾಲಿನ ಕೋಡ್.

ಅದಾದ ಮೇಲೆ ಕಣ್ಣಿಗೆ ಕಾಣದ ಚಿಹ್ನೆಗಳನ್ನು ತೆಗೆಯಿರಿ. ‘ಗೋಲ್‌ಗುಂಬಜ್’ ಎಂದು ಲ್ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಬಿಡುತ್ತಾರೆ, ಕೆಲವರು ಅದರ ಬದಲು ಜಾಗ ಬಿಡುತ್ತಾರೆ. ಆ ಚಿಹ್ನೆ, ಜಾಗ ಎರಡನ್ನೂ ಕಿತ್ತುಹಾಕಿ ಹೋಲಿಸಿ.

ಮೂರನೆಯದು ಪರ್ಯಾಯ ಹೆಸರುಗಳ ಪಟ್ಟಿ. ಗೋಳಗುಮ್ಮಟ, ಗೋಲಗುಂಬಜ, ಗೋಲ್ ಗುಂಬಜ್ ಮೂರೂ ಸರಿ. ಹಂಪಿ–ಹಂಪೆ, ಹಳೇಬೀಡು–ಹಳೆಬೀಡು, ಬಿಜಾಪುರ–ವಿಜಯಪುರ ಸಹ. ಪ್ರತಿ ಸ್ಮಾರಕಕ್ಕೂ ಇಂಥ ನಾಲ್ಕೈದು ರೂಪಗಳನ್ನು ಕೈಯಿಂದಲೇ ಬರೆದಿಡಿ. ‘ಒಂದು ಅಕ್ಷರ ತಪ್ಪಿದರೂ ಒಪ್ಪು’ ಎಂಬ ಸಡಿಲ ನಿಯಮ ಆಕರ್ಷಕವಾಗಿ ಕಾಣುತ್ತದೆ, ಆದರೆ ಅದರಿಂದ ಬೇಲೂರಿಗೂ ವೇಲೂರಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ನಮ್ಮ ಮತ ಪಟ್ಟಿಯ ಕಡೆಗೇ.

ನಾಲ್ಕು ಆಯ್ಕೆ ಕೊಡುವ ಆಟವಾದರೆ ಈ ತಲೆನೋವಿಲ್ಲ. ಆಗ ಆಯ್ಕೆಗಳು ಒಂದನ್ನೊಂದು ಹೋಲುವಂಥವಾಗಿರಲಿ. ಬೇಲೂರಿನ ಜೊತೆ ಐಫೆಲ್ ಗೋಪುರ ಇಟ್ಟರೆ ಅದು ಪ್ರಶ್ನೆಯೇ ಅಲ್ಲ. ಬೇಲೂರು, ಅಮೃತಪುರ, ಅರಸೀಕೆರೆ, ಲಕ್ಕುಂಡಿ ಇಡಿ, ಆಗ ಜನ ಚಿತ್ರವನ್ನು ನಿಜಕ್ಕೂ ನೋಡುತ್ತಾರೆ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಚಿತ್ರ ಹಾಕುತ್ತೇನೆ. ಹತ್ತು ಸೆಕೆಂಡಿನಲ್ಲಿ ಯಾರೋ ಗೂಗಲ್ ಲೆನ್ಸ್ ಹಿಡಿದು ಉತ್ತರ ಹೇಳಿಬಿಡುತ್ತಾರೆ. ತಡೆಯುವುದು ಹೇಗೆ? (ಶಿವಮೊಗ್ಗ)

ಉತ್ತರ: ಪೂರ್ತಿ ತಡೆಯಲಾಗದು, ಕಷ್ಟ ಕೊಡಬಹುದು. ಪೋಸ್ಟ್‌ಕಾರ್ಡಿನ ಕೋನದ ಚಿತ್ರ ಬೇಡ. ನೀವೇ ತೆಗೆದ ಚಿತ್ರದ ಒಂದು ಮೂಲೆ ಕತ್ತರಿಸಿ: ಕಂಬದ ಬುಡ, ಬಾಗಿಲವಾಡದ ಕೆಳತುದಿ, ಸೋಪಾನದ ಪಕ್ಕದ ಆನೆ. ಲೆನ್ಸ್ ಇಡೀ ಕಟ್ಟಡದ ಆಕಾರವನ್ನು ಚೆನ್ನಾಗಿ ಹಿಡಿಯುತ್ತದೆ, ಇಂಥ ತುಣುಕಿನಲ್ಲಿ ತಡವರಿಸುತ್ತದೆ. ಗುಡಿ ಗೊತ್ತಿರುವ ಮನುಷ್ಯ ತಡವರಿಸುವುದಿಲ್ಲ.

ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸುವ ಉಪಾಯ ಮಾತ್ರ ಬೇಡ. ಶಾಸನದ ಅಕ್ಷರ ಉಲ್ಟಾ ಆಗುತ್ತದೆ, ಎಡಗೈಯ ಶಂಖ ಬಲಗೈಗೆ ಬರುತ್ತದೆ. ಮೂರ್ತಿಯನ್ನು ಕೈಯಲ್ಲಿರುವ ಆಯುಧದಿಂದ ಗುರುತಿಸುವವರಿಗೆ ಅದು ಅನ್ಯಾಯ.

ಇನ್ನೆರಡು ಸೋರಿಕೆ. ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದರೊಳಗಿನ ಜಿಪಿಎಸ್ ಮಾಹಿತಿಯೂ ಜೊತೆಗೇ ಹೋಗುತ್ತದೆ, ಸ್ಥಳ ಅಲ್ಲೇ ಬರೆದಿರುತ್ತದೆ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕಳಚಿಹೋಗುತ್ತದೆ. ವಿಕಿಮೀಡಿಯಾ ಕಾಮನ್ಸ್‌ನಿಂದ ತಂದ ಚಿತ್ರಗಳಿಗೆ ಕಡತದ ಹೆಸರಿನಲ್ಲೇ ಗುಡಿಯ ಹೆಸರಿರುತ್ತದೆ, ಬದಲಿಸಿ ಹಾಕಿ. ತೆಗೆದವರ ಹೆಸರು, ಪರವಾನಗಿ ತಿಳಿಸಲೇಬೇಕಾದ ಚಿತ್ರಗಳಾದರೆ ಅದನ್ನು ಉತ್ತರದ ಜೊತೆಗೇ ಹಾಕಿ, ಪ್ರಶ್ನೆಯ ಜೊತೆಗಲ್ಲ.

ಪ್ರಶ್ನೆ: ಮೂರನೇ ತರಗತಿಯ ಮಗಳಿಗೆ ಈ ಆಟದ ಹುಚ್ಚು ಹಿಡಿದಿದೆ. ಫೋನ್ ಕೊಡದೆ ಅಭ್ಯಾಸ ಮಾಡಿಸುವ ದಾರಿ? (ದಾವಣಗೆರೆ)

ಉತ್ತರ: ನಿಮ್ಮ ಜೇಬಿನಲ್ಲೇ ಇದೆ. ಹೊಸ ನೋಟುಗಳ ಹಿಂಬದಿ ತೋರಿಸಿ: ಹತ್ತಕ್ಕೆ ಕೋನಾರ್ಕದ ಸೂರ್ಯ ದೇಗುಲ, ಇಪ್ಪತ್ತಕ್ಕೆ ಎಲ್ಲೋರ, ಐವತ್ತಕ್ಕೆ ಹಂಪಿಯ ರಥ, ನೂರಕ್ಕೆ ಗುಜರಾತಿನ ಪಾಟಣದ ರಾಣಿ ಕಿ ವಾವ್, ಇನ್ನೂರಕ್ಕೆ ಸಾಂಚಿ, ಐನೂರಕ್ಕೆ ಕೆಂಪುಕೋಟೆ. ನೋಟಿನ ಮೇಲೆ ಕಾಗದ ಮುಚ್ಚಿ, ಕೆಳತುದಿಯಿಂದ ಬೆರಳಗಲದಷ್ಟೇ ಸರಿಸುತ್ತ ಕೇಳಿ. ನೂರರ ನೋಟಿನಲ್ಲಿ ಮಕ್ಕಳು ಸಾಮಾನ್ಯವಾಗಿ ‘ಗುಡಿ’ ಎನ್ನುತ್ತಾರೆ. ಅದು ನೆಲದೊಳಕ್ಕೆ ಮೆಟ್ಟಿಲಿಳಿಯುವ ಬಾವಿ ಎಂದು ಹೇಳಿ, ಮುಂದಿನ ಸಲ ಮರೆಯುವುದಿಲ್ಲ.